ಮರೆವಿನ ರೋಗಕ್ಕೆ ವೈರಸ್ ಮಾತ್ರೆ

ಮರೆವಿನ ಕಾಯಿಲೆ ಮನೆ ಹೊಕ್ಕಿದ್ದು ಮೊದಲು ಗೊತ್ತಾಗುವುದು ರೂಢಿಯ ಕೆಲಸ ಕೈಕೊಟ್ಟಾಗ. ಸಿಂಧನೂರಿನ ಗಂಜಿನಲ್ಲಿ ಹತ್ತಾರು ವರ್ಷ ಭತ್ತದ ತೂಕದ ಚೀಟಿ ಬರೆದವರು, 75 ಕೆಜಿಯ ಹತ್ತು ಚೀಲವೆಂದರೆ ಏಳೂವರೆ ಕ್ವಿಂಟಲ್ ಎಂದು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದವರು, ಚೀಟಿ ಮುಂದಿಟ್ಟುಕೊಂಡು ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಾರೆ. ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಮಸ್ಕಿ ಬಸ್ ಹತ್ತಬೇಕಾದವರು ಮುದಗಲ್ ಬಸ್ಸಿನ ಕಿಟಕಿ ಪಕ್ಕ ಕೂತಿರುತ್ತಾರೆ. ಉಂಡು ಕೈ ತೊಳೆದು ಹತ್ತು ನಿಮಿಷವಾಗಿರುವುದಿಲ್ಲ, ‘ಇನ್ನೂ ರೊಟ್ಟಿ ಮಾಡಿಲ್ಲೇನು?’ ಎಂಬ ಕೂಗು ಬರುತ್ತದೆ. ‘ಈಗ ಉಂಡೀಯಲ್ಲ ಮುತ್ಯಾ’ ಎಂದರೆ, ‘ನನಗ್ಯಾರು ನೀಡಿದ್ರು?’ ಎಂದು ಸಿಟ್ಟಾಗುತ್ತಾರೆ.

‘ಅರವತ್ತಕ್ಕೆ ಅರಳು ಮರಳು’ ಎಂಬ ಸಮಾಧಾನ ಎಲ್ಲ ಮನೆಗಳಲ್ಲೂ ಸಿದ್ಧವಿರುತ್ತದೆ. ಆದರೆ ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಡಿಮೆನ್ಶಿಯಾಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆಲ್‌ಝೈಮರ್ ಕಾಯಿಲೆ.

ಈ ಕಾಯಿಲೆಯನ್ನು ಬೇರಿನಿಂದ ಕೀಳುವ ಮದ್ದು ಇನ್ನೂ ಇಲ್ಲ. ಹಾಗಾಗಿಯೇ ತುಟಿಯ ಗುಳ್ಳೆಗೆ, ಸರ್ಪಸುತ್ತಿಗೆ, ಎಚ್‌ಐವಿಗೆ ಕೊಡುವ ಹಳೆಯ ಮಾತ್ರೆಗಳು ಮರೆವನ್ನೂ ತಡೆಯಬಹುದೇ ಎಂಬ ಪ್ರಶ್ನೆ ಲ್ಯಾಬೊರೇಟರಿ ದಾಟಿ ಸುದ್ದಿಗೂ ಮೊಬೈಲಿಗೂ ಬಂದಿದೆ.

ಮಿದುಳಿನೊಳಗಿನ ಉರಿ

ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ತೀರಿಹೋದ ಮಹಿಳೆಯೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಎರಡು ವಿಚಿತ್ರಗಳು ಕಂಡವು. ನರಕೋಶಗಳ ಹೊರಗೆ ಕಲೆಗಳಂತೆ ಕಟ್ಟಿದ ಗಸಿ, ಒಳಗೆ ಸಿಕ್ಕಾದ ಎಳೆಗಳು. ಗಸಿ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಸಿಕ್ಕು ಟಾವ್ ಎಂಬ ಪ್ರೋಟೀನಿನದು ಎಂಬುದು ಗೊತ್ತಾಗಿದ್ದು ಎಷ್ಟೋ ದಶಕಗಳ ನಂತರ. ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳೂ ಕೆಟ್ಟಿರುವುದನ್ನು ಆಲ್‌ಝೈಮರ್ ಆಗಲೇ ಬರೆದಿಟ್ಟಿದ್ದರು. ಆ ಮಾತಿಗೆ ತಕ್ಕ ಗಮನ ಸಿಗಲು ಸುಮಾರು ನೂರು ವರ್ಷ ಹಿಡಿಯಿತು.

ಗ್ಲಿಯಾಗಳಲ್ಲಿ ಮೈಕ್ರೋಗ್ಲಿಯಾ ಎಂಬ ಬಗೆಯವು ಮಿದುಳಿನ ರಕ್ಷಣಾ ಕೋಶಗಳು. ಸತ್ತ ಕೋಶಗಳ ಚೂರು, ಗಸಿ, ನುಗ್ಗಿದ ರೋಗಾಣು ಎಲ್ಲವನ್ನೂ ಇವು ನುಂಗಿ ಅರಗಿಸುತ್ತವೆ. ಅಪಾಯ ಕಂಡರೆ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಒಂದೆರಡು ದಿನದ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಗಸಿ ತುಂಬುತ್ತಲೇ ಹೋದಂತೆ ಮೈಕ್ರೋಗ್ಲಿಯಾಗಳ ಸಿಟ್ಟು ಇಳಿಯುವುದಿಲ್ಲ. ಗದ್ದೆಯ ಕೂಳೆ ಸುಡಲು ಹಚ್ಚಿದ ಬೆಂಕಿ ಗಾಳಿಗೆ ಪಕ್ಕದ ಪೈರಿಗೂ ಹತ್ತಿದಂತೆ, ಗಸಿಗೆಂದು ಎದ್ದ ಉರಿ ಆರೋಗ್ಯವಾಗಿದ್ದ ನರಕೋಶಗಳಿಗೂ ತಗಲುತ್ತದೆ.

ಕಾಯಿಲೆಗೆ ಈ ಉರಿಯೂತವೇ ಕಾರಣವಿರಬಹುದು ಎಂಬ ಅನುಮಾನವನ್ನು 2013ರ ಎರಡು ಸಂಶೋಧನೆಗಳು ಗಟ್ಟಿ ಮಾಡಿದವು. ಮೈಕ್ರೋಗ್ಲಿಯಾಗಳ ಕೆಲಸವನ್ನು ನಿಯಂತ್ರಿಸುವ ಟ್ರೆಮ್2 ಎಂಬ ಜೀನಿನಲ್ಲಿ ಅಪರೂಪದ ಬದಲಾವಣೆಯೊಂದು ಇದ್ದವರಿಗೆ ಕಾಯಿಲೆಯ ಸಾಧ್ಯತೆ ಹಲವು ಪಟ್ಟು ಹೆಚ್ಚು ಎಂಬುದು ಒಂದು. ಜೀವಕೋಶದೊಳಗೆ ಉರಿಯೂತದ ಗುಂಡಿ ಒತ್ತುವ ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಗುಂಪನ್ನು ಇಲ್ಲವಾಗಿಸಿದರೆ, ಕಾಯಿಲೆ ಬರಿಸಿದ ಇಲಿಗಳ ನೆನಪಿನ ಶಕ್ತಿ ಉಳಿಯುತ್ತದೆ ಎಂಬುದು ಇನ್ನೊಂದು.

ಉರಿಯೂತವೇ ಕಾರಣವೆಂದರೆ ಮಂಡಿನೋವಿಗೆ ನುಂಗುವ ಮಾತ್ರೆ ಸಾಲದೇ? ಈ ಪ್ರಶ್ನೆಯನ್ನೂ ಕೇಳಿ ಆಗಿದೆ. ನಾಪ್ರೊಕ್ಸೆನ್, ಸೆಲೆಕೊಕ್ಸಿಬ್ ಮಾತ್ರೆಗಳನ್ನು ಹಿರಿಯರಿಗೆ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ 2004ರಲ್ಲಿ ಮಾತ್ರೆ ನಿಲ್ಲಿಸಲಾಯಿತು. ಮರೆವು ತಡೆದ ಲಕ್ಷಣವೂ ಕಾಣಲಿಲ್ಲ. ಉರಿ ಆರಿಸಬೇಕಾದರೆ ಅದನ್ನು ಹೊತ್ತಿಸಿದ್ದು ಏನೆಂದು ಹುಡುಕಬೇಕು ಎಂಬ ಯೋಚನೆ ಬಲಗೊಂಡಿತು.

ತುಟಿಯ ಗುಳ್ಳೆಯ ಮೇಲೆ ಅನುಮಾನ

ಜ್ವರ ಬಂದು ಬಿಟ್ಟ ಮೇಲೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುವುದು ಎಲ್ಲರಿಗೂ ಗೊತ್ತು. ಅದು ಹರ್ಪಿಸ್ ಸಿಂಪ್ಲೆಕ್ಸ್-1 ಎಂಬ ವೈರಸ್ಸಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ 380 ಕೋಟಿ ಜನರ ಮೈಯಲ್ಲಿ ಈ ವೈರಸ್ ಇದೆ. ಬಹುಪಾಲು ಮಂದಿಗೆ ಸಣ್ಣವರಿದ್ದಾಗಲೇ ಅಂಟಿರುತ್ತದೆ. ಒಮ್ಮೆ ಹೊಕ್ಕರೆ ಹೊರಗೆ ಹೋಗುವ ಮಾತಿಲ್ಲ. ಮುಖದ ನರಗಂಟಿನಲ್ಲಿ ಸದ್ದಿಲ್ಲದೆ ಅಡಗಿದ್ದು, ಮೈ ಸೋತಾಗ ಎದ್ದು ತುಟಿಗೆ ಬರುತ್ತದೆ. ಅದೇ ನರದ ಇನ್ನೊಂದು ತುದಿ ಇರುವುದು ಮಿದುಳಿನಲ್ಲಿ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂತ್ ಇಟ್ಜಾಕಿ ಅವರ ತಂಡ 1991ರಲ್ಲಿ ತೀರಿಹೋದ ವೃದ್ಧರ ಮಿದುಳಿನಲ್ಲಿ ಈ ವೈರಸ್ಸಿನ ಡಿಎನ್‌ಎ ಇರುವುದನ್ನು ತೋರಿಸಿತು. ಕಾಯಿಲೆ ಇದ್ದವರಲ್ಲೂ ಇತ್ತು, ಇಲ್ಲದವರಲ್ಲೂ ಇತ್ತು. 1997ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವೈರಸ್ಸಿನ ಜೊತೆಗೆ ಎಪಿಒಇ-4 ಎಂಬ ಜೀನ್ ಕೂಡ ಇದ್ದರೆ ಅಪಾಯ ಹೆಚ್ಚು. ಬಹುಕಾಲ ಈ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೋಸ್ಟನ್ನಿನ ರಾಬರ್ಟ್ ಮೊಯಿರ್ ಮತ್ತು ರುಡಾಲ್ಫ್ ಟಾಂಝಿ 2010ರಲ್ಲಿ ಗಸಿಯ ಕಥೆಯನ್ನೇ ತಿರುಗಿಸಿದರು. ಅವರ ಪ್ರಕಾರ ಅಮಿಲಾಯ್ಡ್ ಬರೀ ಕಸವಲ್ಲ; ರೋಗಾಣುಗಳಿಗೆ ಬಲೆ ಬೀಸುವ, ಮಿದುಳಿನದೇ ಒಂದು ಆಯುಧ. ಹಾಗಿದ್ದರೆ ವೈರಸ್ ಪದೇ ಪದೇ ಎದ್ದಾಗಲೆಲ್ಲ ಇನ್ನಷ್ಟು ಗಸಿ ಕಟ್ಟುತ್ತದೆ, ಗಸಿ ಕಂಡು ಮೈಕ್ರೋಗ್ಲಿಯಾ ಕೆರಳುತ್ತವೆ. ಕೇಳಲು ಚೆನ್ನಾಗಿದೆ. ಇಲಿ ಮತ್ತು ಹುಳುಗಳಲ್ಲಿ ಪುರಾವೆಯೂ ಸಿಕ್ಕಿದೆ. ಮನುಷ್ಯರಲ್ಲಿ ಇದೇ ಮುಖ್ಯ ದಾರಿ ಎಂದು ಯಾರೂ ಖಚಿತವಾಗಿ ತೋರಿಸಿಲ್ಲ.

ಆಸೆ ಹುಟ್ಟಿಸಿದ್ದು ತೈವಾನಿನ ಲೆಕ್ಕ. ಅಲ್ಲಿನ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹರ್ಪಿಸ್ ಎಂದು ಹೊಸದಾಗಿ ಗುರುತಿಸಲಾದ 8,362 ಮಂದಿಯನ್ನು ಉಳಿದವರೊಂದಿಗೆ ಹೋಲಿಸಲಾಗಿತ್ತು. ಹರ್ಪಿಸ್ ಇದ್ದವರಿಗೆ ಡಿಮೆನ್ಶಿಯಾ ಬರುವ ಸಾಧ್ಯತೆ ಎರಡೂವರೆ ಪಟ್ಟು. ಅವರಲ್ಲೇ ಔಷಧ ತೆಗೆದುಕೊಂಡವರಲ್ಲಿ ಅಪಾಯ ತುಂಬಾ ಕಡಿಮೆ. ಔಷಧ ತೆಗೆದುಕೊಂಡವರು ಬೇರೆ ವಿಷಯದಲ್ಲೂ ಆರೋಗ್ಯದ ಕಾಳಜಿ ಇದ್ದವರೋ ಏನೋ ಎಂಬ ತಕರಾರು ಇಂಥ ಲೆಕ್ಕಕ್ಕೆ ಯಾವಾಗಲೂ ಇರುತ್ತದೆ.

ಆ ತಕರಾರನ್ನು ಬಹಳ ಮಟ್ಟಿಗೆ ದಾಟಿದ್ದು ಸರ್ಪಸುತ್ತಿನ ಲಸಿಕೆ. ಮಕ್ಕಳಿಗೆ ಅಮ್ಮ (ಚಿಕನ್‌ಪಾಕ್ಸ್) ಬಂದಾಗ ಮೈಹೊಕ್ಕ ವೈರಸ್ ನರಗಳಲ್ಲಿ ಅಡಗಿದ್ದು, ಮುಪ್ಪಿನಲ್ಲಿ ಸೊಂಟದ ಸುತ್ತ ಉರಿಗುಳ್ಳೆಯಾಗಿ ಏಳುವುದೇ ಸರ್ಪಸುತ್ತು. ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಅದಕ್ಕೆ ಮೊದಲ ಮದ್ದು ಕೆಮ್ಮಣ್ಣಿನ ಲೇಪ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಲಸಿಕೆ ಆರಂಭಿಸಿದಾಗ, 1933ರ ಸೆಪ್ಟೆಂಬರ್ 2ರಂದು ಮತ್ತು ಆನಂತರ ಹುಟ್ಟಿದವರಿಗೆ ಅರ್ಹತೆ ಸಿಕ್ಕಿತು. ಅದಕ್ಕೆ ಒಂದು ದಿನ ಮೊದಲು ಹುಟ್ಟಿದವರಿಗೂ ಸಿಗಲಿಲ್ಲ. ವಾರದ ಅಂತರದಲ್ಲಿ ಹುಟ್ಟಿದ ಈ ಎರಡು ಗುಂಪಿನವರಲ್ಲಿ ಬೇರೆ ವ್ಯತ್ಯಾಸವೇನು ಇದ್ದೀತು? ಏಳು ವರ್ಷದ ದಾಖಲೆ ನೋಡಿದಾಗ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಐದನೇ ಒಂದರಷ್ಟು ಕಡಿಮೆ ಇತ್ತು, ಅದರಲ್ಲೂ ಮಹಿಳೆಯರಲ್ಲಿ. ‘ನೇಚರ್’ ಪತ್ರಿಕೆಯಲ್ಲಿ ಇದು ಬಂದದ್ದು 2025ರ ಏಪ್ರಿಲ್‌ನಲ್ಲಿ. ಈ ಕ್ಷೇತ್ರದಲ್ಲಿ ಇಷ್ಟು ಗಟ್ಟಿಯಾದ ಸಾಕ್ಷ್ಯ ಬೇರೆ ಇಲ್ಲ ಎನ್ನಬಹುದು.

ಹಳೆಯ ಮದ್ದು, ಹೊಸ ಕೆಲಸ

ಒಂದು ಕಾಯಿಲೆಯ ಮಾತ್ರೆಯನ್ನು ಇನ್ನೊಂದಕ್ಕೆ ಹಚ್ಚುವುದು ವೈದ್ಯಲೋಕಕ್ಕೆ ಹೊಸತಲ್ಲ. ಅಮಾಂಟಡಿನ್ ಫ್ಲೂ ತಡೆಯಲು 1960ರ ದಶಕದಲ್ಲಿ ಬಂದ ಮಾತ್ರೆ. 1968ರಲ್ಲಿ ಅಮೆರಿಕದ ಪಾರ್ಕಿನ್ಸನ್ ರೋಗಿಯೊಬ್ಬರು ಫ್ಲೂಗೆಂದು ಅದನ್ನು ನುಂಗುತ್ತಿದ್ದಷ್ಟು ದಿನ ತಮ್ಮ ಕೈನಡುಕ ಕಡಿಮೆಯಾಗಿತ್ತು ಎಂದು ವೈದ್ಯ ರಾಬರ್ಟ್ ಶ್ವಾಬ್ ಅವರಿಗೆ ಹೇಳಿದರು. ಅಲ್ಲಿಂದ ಅದು ಪಾರ್ಕಿನ್ಸನ್ ಔಷಧವೂ ಆಯಿತು. ಅದೇ ರಾಸಾಯನಿಕ ಕುಟುಂಬದ ಮೆಮಾಂಟಿನ್ ಇಂದು ಆಲ್‌ಝೈಮರ್ ರೋಗಿಗಳಿಗೆ ಬರೆದುಕೊಡುವ ಪ್ರಮುಖ ಮಾತ್ರೆಗಳಲ್ಲಿ ಒಂದು. ಆದರೆ ಈ ಎರಡೂ ಮಿದುಳಿನಲ್ಲಿ ಕೆಲಸ ಮಾಡುವುದು ವೈರಸ್ ಕೊಂದು ಅಲ್ಲ, ನರಕೋಶಗಳ ನಡುವಿನ ಸಂಕೇತಗಳನ್ನು ತಿದ್ದಿ.

ಹಳೆಯ ಮಾತ್ರೆಯ ಆಕರ್ಷಣೆ ಏನೆಂಬುದು ಬೆಲೆಯಲ್ಲೇ ಗೊತ್ತಾಗುತ್ತದೆ. ಅಮಿಲಾಯ್ಡ್ ತೆಗೆಯುವ ಹೊಸ ಇಂಜೆಕ್ಷನ್ ಲೆಕಾನೆಮಾಬ್‌ಗೆ ಅಮೆರಿಕದಲ್ಲಿ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಅದೂ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸಲು, ನಡುನಡುವೆ ಎಂಆರ್‌ಐ ಮಾಡಿಸುತ್ತ. ಪೇಟೆಂಟ್ ಮುಗಿದ ವೈರಸ್ ಮಾತ್ರೆಗಳನ್ನು ಭಾರತದ ಹತ್ತಾರು ಕಂಪನಿಗಳು ಮಾಡುತ್ತವೆ. ಅಡ್ಡಪರಿಣಾಮಗಳೇನು ಎಂಬುದು ಕೋಟ್ಯಂತರ ಜನ ಬಳಸಿ ಗೊತ್ತಾಗಿದೆ.

ಹೆಸರಿನಲ್ಲಿ ದಾವಣಗೆರೆ ಇರುವ ವೈದ್ಯರು

ತುಟಿಗುಳ್ಳೆಯ ಮಾತ್ರೆ ನಿಜಕ್ಕೂ ಮರೆವು ತಡೆಯುತ್ತದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೃದ್ಧಾಪ್ಯ ಮನೋವೈದ್ಯ ದಾವಣಗೆರೆ ಪಿ. ದೇವಾನಂದ್ ಅವರ ತಂಡ. ಊರ ಹೆಸರು ಹೊತ್ತ ಈ ಹೆಸರು ಕನ್ನಡಿಗರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಆಯ್ದುಕೊಂಡದ್ದು 120 ಮಂದಿಯನ್ನು. ಎಲ್ಲರಿಗೂ ಆಲ್‌ಝೈಮರ್‌ನ ಆರಂಭದ ಹಂತ. ಎಲ್ಲರ ರಕ್ತದಲ್ಲೂ ಹರ್ಪಿಸ್ ತಗಲಿದ ಗುರುತು. ಅರ್ಧದಷ್ಟು ಮಂದಿಗೆ ದಿನಕ್ಕೆ 4 ಗ್ರಾಂ ವಾಲಾಸೈಕ್ಲೊವಿರ್, ಉಳಿದವರಿಗೆ ನೋಡಲು ಹಾಗೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಹೀಗೆ 78 ವಾರ, ಅಂದರೆ ಒಂದೂವರೆ ವರ್ಷ.

ಫಲಿತಾಂಶ ಹೊರಬಂದದ್ದು 2025ರ ಜುಲೈನಲ್ಲಿ, ಟೊರಾಂಟೊದ ಆಲ್‌ಝೈಮರ್ ಸಮ್ಮೇಳನದಲ್ಲಿ. ಮಾತ್ರೆ ಕೆಲಸ ಮಾಡಲಿಲ್ಲ. ಅಷ್ಟೇ ಆಗಿದ್ದರೆ ಬೇರೆ ಮಾತು; ನೆನಪು ಮತ್ತು ಗ್ರಹಿಕೆಯ ಅಂಕಪಟ್ಟಿಯಲ್ಲಿ ಮದ್ದು ತೆಗೆದುಕೊಂಡವರು ಸುಮಾರು 11 ಅಂಕ ಕುಸಿದಿದ್ದರೆ, ಖಾಲಿ ಮಾತ್ರೆ ನುಂಗಿದವರು ಕುಸಿದದ್ದು ಸುಮಾರು 7 ಅಂಕ. ತೈವಾನಿನ ಲೆಕ್ಕ ನಂಬಿಕೊಂಡು ಯಾರಾದರೂ ಮನೆಯ ಹಿರಿಯರಿಗೆ ಈ ಮಾತ್ರೆ ಕೊಡಲು ಶುರುಮಾಡಿದ್ದರೆ, ಅದು ಉಪಕಾರಕ್ಕಿಂತ ಅಪಕಾರವೇ ಆಗುತ್ತಿತ್ತೇನೋ.

ಸೋತದ್ದು ಯಾಕೆ? ವಾಲಾಸೈಕ್ಲೊವಿರ್ ಮೈಯೊಳಗೆ ಎಸೈಕ್ಲೊವಿರ್ ಆಗಿ ಬದಲಾಗುತ್ತದೆ. ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ ಬಂದ ಈ ಔಷಧದ ಚೆಂದವೆಂದರೆ, ಅದನ್ನು ಎಬ್ಬಿಸುವುದು ವೈರಸ್ಸಿನದೇ ಕಿಣ್ವ. ವೈರಸ್ ತನ್ನ ನಕಲು ಮಾಡಿಕೊಳ್ಳುತ್ತಿರುವ ಕೋಶದಲ್ಲಿ ಮಾತ್ರ ಮದ್ದು ಜಾಗೃತವಾಗಿ ಆ ನಕಲನ್ನು ಅರ್ಧಕ್ಕೇ ಕತ್ತರಿಸುತ್ತದೆ. ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಆದರೆ ಅದೇ ಗುಣ ಇಲ್ಲಿ ಮಿತಿಯೂ ಹೌದು: ನರಗಂಟಿನಲ್ಲಿ ಸುಮ್ಮನೆ ಮಲಗಿದ ವೈರಸ್ಸಿಗೆ ಈ ಮಾತ್ರೆ ಏನೂ ಮಾಡಲಾರದು. ಹೊತ್ತು ಮೀರಿತ್ತು ಎಂಬುದು ಇನ್ನೊಂದು ವಿವರಣೆ. ಗಸಿ ಕಟ್ಟಲು ಶುರುವಾಗುವುದು ಮರೆವು ಕಾಣುವ ಹತ್ತು ಹದಿನೈದು ವರ್ಷ ಮೊದಲು. ಉರಿ ಹೊತ್ತಿಕೊಂಡು ಅಷ್ಟು ಕಾಲವಾದ ಮೇಲೆ ಹೊತ್ತಿಸಿದ ವೈರಸ್ಸನ್ನು ಹಿಡಿದು ಪ್ರಯೋಜನವೇನು? ವೇಲ್ಸ್‌ನ ಲಸಿಕೆ ಕೆಲಸ ಮಾಡಿದ್ದು ಕಾಯಿಲೆಗೆ ಮೊದಲು ಕೊಟ್ಟಿದ್ದರಿಂದ ಎಂದರೆ ಎರಡೂ ಫಲಿತಾಂಶಗಳು ಒಂದಕ್ಕೊಂದು ಕೂಡಿಬರುತ್ತವೆ.

ಎಚ್‌ಐವಿ ಮಾತ್ರೆಯ ಇನ್ನೊಂದು ಗುಣ

ಹೀಗಾಗಿ ಸಂಶೋಧಕರ ಕಣ್ಣು ವೈರಸ್ಸಿನಿಂದ ಸರಿದು ಉರಿಯೂತದ ಮೇಲೇ ನೆಟ್ಟಿದೆ. ಇಲ್ಲಿ ಬರುವುದು ಲ್ಯಾಮಿವುಡಿನ್, ಎಮ್ಟ್ರಿಸಿಟಾಬಿನ್‌ನಂಥ ಎಚ್‌ಐವಿ ಮಾತ್ರೆಗಳು. ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ತಿರುಗಿ ಬರೆಯುವ ಕಿಣ್ವವನ್ನು ಇವು ತಡೆಯುತ್ತವೆ.

ಎಚ್‌ಐವಿ ಇಲ್ಲದ ಮಿದುಳಿನಲ್ಲಿ ಇವಕ್ಕೇನು ಕೆಲಸ? ಮನುಷ್ಯನ ಡಿಎನ್‌ಎಯ ಹೆಚ್ಚುಕಡಿಮೆ ಅರ್ಧದಷ್ಟು ಭಾಗ ಜಿಗಿಯುವ ಜೀನುಗಳು ಮತ್ತು ಅವುಗಳ ಪಳೆಯುಳಿಕೆ. ಮೆಕ್ಕೆಜೋಳದಲ್ಲಿ ಇಂಥ ಜೀನುಗಳನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಸಿಕ್ಕಿತು. ಇವುಗಳಲ್ಲಿ ಕೆಲವು ಎಚ್‌ಐವಿಯ ದಾರಿಯಲ್ಲೇ ತಮ್ಮ ನಕಲು ಮಾಡಿಕೊಳ್ಳುತ್ತವೆ. ಆರೋಗ್ಯವಂತ ಕೋಶ ಇವನ್ನು ಬಿಗಿಯಾಗಿ ಕಟ್ಟಿಟ್ಟಿರುತ್ತದೆ. ಟಾವ್ ಸಿಕ್ಕಾದಾಗ ಆ ಕಟ್ಟು ಸಡಿಲವಾಗುತ್ತದೆ, ಹೊರಬಂದ ನಕಲುಗಳನ್ನು ಕಂಡ ಕೋಶ ವೈರಸ್ ಬಂತೆಂದು ತಪ್ಪು ತಿಳಿದು ಉರಿಯೂತ ಎಬ್ಬಿಸುತ್ತದೆ. ಅಮೆರಿಕದ ಬೆಸ್ ಫ್ರಾಸ್ಟ್ ಅವರ ತಂಡ 2018ರಲ್ಲಿ ಹಣ್ಣಿನ ನೊಣಗಳಿಗೆ ಲ್ಯಾಮಿವುಡಿನ್ ಕೊಟ್ಟಾಗ ನರಕೋಶಗಳ ಸಾವು ತಗ್ಗಿತು.

ವರ್ಜೀನಿಯಾ ವಿಶ್ವವಿದ್ಯಾಲಯದ ಜಯಕೃಷ್ಣ ಅಂಬಾಟಿ ಹಿಡಿದ ದಾರಿ ಬೇರೆ. ಈ ಮಾತ್ರೆಗಳು ಇನ್‌ಫ್ಲಮಸೋಮನ್ನೂ ಸುಮ್ಮನಾಗಿಸುತ್ತವೆ ಎಂಬುದು ಅವರ ತಂಡದ ಶೋಧ. ಎಚ್‌ಐವಿ ಅಥವಾ ಹೆಪಟೈಟಿಸ್-ಬಿಗೆ ಔಷಧ ತೆಗೆದುಕೊಳ್ಳುತ್ತಿದ್ದ, 50 ದಾಟಿದ 2.7 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ದಾಖಲೆಯನ್ನು ನೋಡಿ 2025ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಈ ಗುಂಪಿನ ಮಾತ್ರೆ ನುಂಗಿದ ಪ್ರತಿ ವರ್ಷಕ್ಕೆ ಆಲ್‌ಝೈಮರ್ ಅಪಾಯ ಒಂದು ದಾಖಲೆಯಲ್ಲಿ ಶೇ 6ರಷ್ಟು, ಇನ್ನೊಂದರಲ್ಲಿ ಶೇ 13ರಷ್ಟು ಇಳಿದಿತ್ತು.

ಇದೂ ತೈವಾನಿನಂಥದೇ ಕಡತದ ಲೆಕ್ಕ ಎಂಬುದನ್ನು ಮರೆಯಬಾರದು. ವಾಲಾಸೈಕ್ಲೊವಿರ್ ವಿಷಯದಲ್ಲಿ ಕಡತ ಹೇಳಿದ್ದು ಒಂದು, ಪ್ರಯೋಗ ಹೇಳಿದ್ದು ಇನ್ನೊಂದು. ಲ್ಯಾಮಿವುಡಿನ್ ಮೇಲೆ ನಡೆದಿರುವುದು ಬೆರಳೆಣಿಕೆಯ ರೋಗಿಗಳ ಪುಟ್ಟ ಪ್ರಯೋಗ. ಅದರಲ್ಲಿ ಉರಿಯೂತದ ಕೆಲ ಸೂಚಕಗಳು ಇಳಿದರೂ ನೆನಪು ಸುಧಾರಿಸಿದ ಲಕ್ಷಣ ಕಾಣಲಿಲ್ಲ.

ರಾಯಚೂರು ಸೀಮೆಯಲ್ಲಿ ಕೇಳಬಹುದಾದ ಪ್ರಶ್ನೆ

ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ 2001ರಲ್ಲಿ ಎಚ್‌ಐವಿಯ ಮೂರು ಮದ್ದನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದಾಗ, ಆ ಮೂರರಲ್ಲಿ ಒಂದು ಲ್ಯಾಮಿವುಡಿನ್. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಈಗ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ದಿನಕ್ಕೊಂದು ಮಾತ್ರೆಯಲ್ಲೂ ಲ್ಯಾಮಿವುಡಿನ್ ಇದೆ.

ಉತ್ತರ ಕರ್ನಾಟಕದ ಜಿಲ್ಲೆಗಳು ಎಚ್‌ಐವಿಯ ಹೊಡೆತ ಹೆಚ್ಚು ತಿಂದವು. ಅಂದು ಮೂವತ್ತರ ಹರೆಯದಲ್ಲಿ ಮಾತ್ರೆ ಶುರುಮಾಡಿದವರು ಇಂದು ಐವತ್ತು ದಾಟಿದ್ದಾರೆ. ಇಪ್ಪತ್ತು ವರ್ಷ ಲ್ಯಾಮಿವುಡಿನ್ ನುಂಗಿದವರ ಮರೆವಿನ ಲೆಕ್ಕ ಹಿಡಿಯಲು ಅಮೆರಿಕದ ಕಡತಗಳಿಗೇ ಹೋಗಬೇಕಿಲ್ಲ. ಎಚ್‌ಐವಿ ತಾನೇ ಮಿದುಳಿಗೆ ಪೆಟ್ಟು ಕೊಡುವುದರಿಂದ ಹೋಲಿಕೆ ಸುಲಭವಲ್ಲ, ನಿಜ. ಆದರೂ ಕೇಳಲು ತಕ್ಕ ಪ್ರಶ್ನೆ.

ಗ್ರಾಮೀಣರ ಮಿದುಳನ್ನು ವರ್ಷಗಟ್ಟಲೆ ಹಿಂಬಾಲಿಸುವುದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯ ಗುರಿ ಇಟ್ಟುಕೊಂಡು ಇಂಥ ಅಧ್ಯಯನ ನಡೆಸುತ್ತಿದೆ.

ಇಂಥ ಅಧ್ಯಯನಕ್ಕೆ ಸಿಂಧನೂರಿನಲ್ಲಿ ಭಾಷೆಯದೂ ಒಂದು ತೊಡಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಬಂದು ನೆಲೆಸಿದ ತೆಲುಗು ರೈತರ ಕ್ಯಾಂಪುಗಳು ಒಂದು ಕಡೆ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಇನ್ನೊಂದು ಕಡೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಇಂಗ್ಲಿಷ್ ತಾರೀಖು ಕೇಳಿ ಮರೆವಿದೆ ಎಂದು ತೀರ್ಮಾನಿಸುವುದು ಅನ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆಂದೇ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಪಟ್ಟಿ ರೂಪಿಸಿದೆ. ಕನ್ನಡ, ತೆಲುಗು, ಬಂಗಾಳಿ ಮೂರೂ ಅದರಲ್ಲಿವೆ.

ಅಂಗಡಿಯಿಂದ ತಂದು ನುಂಗುವ ಮುನ್ನ

ಎಸೈಕ್ಲೊವಿರ್, ವಾಲಾಸೈಕ್ಲೊವಿರ್ ಯಾವ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಇವು ಹೊರಹೋಗುವುದು ಮೂತ್ರಪಿಂಡದ ಮೂಲಕ. ಸಕ್ಕರೆ ಕಾಯಿಲೆ, ಬಿಪಿಯಿಂದ ಮೂತ್ರಪಿಂಡ ಸೋತ ಹಿರಿಯರಲ್ಲಿ ಮದ್ದು ಮೈಯಲ್ಲೇ ಉಳಿದು ಗಲಿಬಿಲಿ, ಭ್ರಮೆ, ತೊದಲು ಮಾತು ಶುರುವಾಗಬಹುದು. ನೋಡಿದವರಿಗೆ ಮರೆವೇ ಜೋರಾದಂತೆ ಕಾಣುತ್ತದೆ. ಲ್ಯಾಮಿವುಡಿನ್‌ನದು ಇನ್ನೊಂದು ಅಪಾಯ: ಗೊತ್ತಿಲ್ಲದೆ ಹೆಪಟೈಟಿಸ್-ಬಿ ಇದ್ದವರು ಅದನ್ನು ಕೆಲಕಾಲ ನುಂಗಿ ನಿಲ್ಲಿಸಿದರೆ ಯಕೃತ್ತು ಕೆರಳಬಹುದು. ಸರ್ಪಸುತ್ತಿನ ಹೊಸ ಲಸಿಕೆ 2023ರಿಂದ ಭಾರತದಲ್ಲೂ ಇದೆ, 50 ದಾಟಿದವರಿಗೆ ಎರಡು ಡೋಸ್. ಒಂದಕ್ಕೇ ಹತ್ತು ಸಾವಿರ ರೂಪಾಯಿಯ ಆಸುಪಾಸು, ಸರ್ಕಾರಿ ಲಸಿಕೆ ಪಟ್ಟಿಯಲ್ಲಿಲ್ಲ. ಅದನ್ನು ಹಾಕಿಸಿಕೊಳ್ಳುವುದು ಸರ್ಪಸುತ್ತು ತಡೆಯಲೆಂದೇ. ಮರೆವಿಗೆ ಅದನ್ನು ಯಾವ ದೇಶವೂ ಶಿಫಾರಸು ಮಾಡಿಲ್ಲ.

ಮರೆವು ಕಂಡ ಕೂಡಲೇ ಆಲ್‌ಝೈಮರ್ ಎಂದು ಗಾಬರಿಯಾಗಬೇಕಿಲ್ಲ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು ಕೂಡ ಹೀಗೇ ಕಾಡುತ್ತವೆ, ಮತ್ತು ಅವಕ್ಕೆ ಚಿಕಿತ್ಸೆ ಇದೆ. ಎರಡು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಬಿಟ್ಟು ವರ್ಷಗಟ್ಟಲೆ ಕಾಯುವ ಮನೆಗಳೇ ಹೆಚ್ಚು. ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ; ಮುಂದಿನ ತಪಾಸಣೆಗೆ ರಾಯಚೂರಿನ ರಿಮ್ಸ್, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಕ್ಲಿನಿಕ್‌ಗಳು ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ತೆರೆದು ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿವೆ. ಮನೆಯಿಂದಲೇ ಸಲಹೆ ಬೇಕಾದರೆ ಟೆಲಿ-ಮಾನಸ್ 14416 ಮತ್ತು ಹಿರಿಯರ ಸಹಾಯವಾಣಿ 14567, ಎರಡಕ್ಕೂ ಕರೆ ಉಚಿತ.